ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇಕೆ?

ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿದ ಮಕ್ಕಳು ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದಿದೆ: "ಮೇಡಂ, ವಾರ್ಡ್‌ನಲ್ಲಿ ಕೆಲಸ ಮಾಡೋಕೆ ಈ ಥಿಯರಿ ಎಲ್ಲ ಯಾಕೆ ಬೇಕು?" ಪ್ರಶ್ನೆ ನ್ಯಾಯವಾದದ್ದೇ. ಹೆಂಡರ್ಸನ್, ಪೆಪ್ಲಾವ್, ಒರೆಮ್ ಎಂದು ಹೆಸರುಗಳನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು, ವಾರ್ಡ್‌ಗೆ ಹೊರಡುವಾಗ ಪುಸ್ತಕವನ್ನು ಹಾಸ್ಟೆಲಿನಲ್ಲೇ ಬಿಟ್ಟು ಹೋದರೆ ಅದರಿಂದ ರೋಗಿಗೆ ಏನೂ ಆಗಬೇಕಾದ್ದಿಲ್ಲ. ಆದ್ದರಿಂದ ನಾನು ಹೆಸರುಗಳಿಂದ ಪಾಠ ಶುರು ಮಾಡುವುದಿಲ್ಲ, ಹಾಸಿಗೆ ಹುಣ್ಣಿನಿಂದ ಶುರು ಮಾಡುತ್ತೇನೆ.

ಲಕ್ವ ಹೊಡೆದು ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳಿ. ಮಗ್ಗುಲಿಗೆ ಹೊರಳಿಸಿದಾಗ ಬಾಲದೆಲುಬಿನ ಮೇಲೆ ರೂಪಾಯಿಯಗಲ ಕೆಂಪಾಗಿದೆ. ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ, ತೆಗೆಯಿರಿ. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಅಲ್ಲಿ ರಕ್ತ ಇನ್ನೂ ಓಡಾಡುತ್ತಿದೆ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ ಆಗಲೇ ಶುರುವಾಗಿದೆ, ಚರ್ಮ ಒಡೆಯದಿದ್ದರೂ. ನಮ್ಮ ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಣ್ಣಿಗೆ ಬೀಳದೇ ಇರಬಹುದು. ಅಂಥವರಲ್ಲಿ ಕೈಯಿಂದಲೇ ತಿಳಿಯಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ, ಮುಟ್ಟಿದರೆ ನೋವೇ?

ಈಗ ಏನು ಮಾಡುತ್ತೀರಿ? ನನಗೆ ವಿದ್ಯಾರ್ಥಿಯಾಗಿದ್ದಾಗ ಕಲಿಸಿದ್ದು ಸ್ಪಿರಿಟ್ ಹಚ್ಚಿ, ತಿಕ್ಕಿ, ಪೌಡರ್ ಹಾಕುವುದನ್ನು. ಶ್ರದ್ಧೆಯಿಂದ ತಿಕ್ಕಿದ್ದೇನೆ. ಆ ಕೈಗೆ ಕೆಲಸ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕೆಂಪಾದ ಜಾಗವನ್ನು ತಿಕ್ಕಿದರೆ ಮೊದಲೇ ಸೊರಗಿದ ಮಾಂಸಕ್ಕೆ ಇನ್ನಷ್ಟು ಪೆಟ್ಟು ಎಂದು ಈಗ ಹೇಳಿಕೊಡುತ್ತೇವೆ.

ಹಾಸಿಗೆ ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಶುಶ್ರೂಷೆಯದ್ದು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಶುಶ್ರೂಷೆಯಲ್ಲಿ ಯಾವುದು ತಪ್ಪು ಎಂದು ಎಣಿಸಿ ನೋಡಲು ನೂರು ವರ್ಷ ಹಿಡಿಯಿತು. ಇಂಗ್ಲೆಂಡಿನಲ್ಲಿ ಡೋರೀನ್ ನಾರ್ಟನ್ ಎಂಬ ನರ್ಸ್ ಆಸ್ಪತ್ರೆಯ ವೃದ್ಧರನ್ನು ಜೊತೆಗಾರರೊಂದಿಗೆ ಗಮನಿಸಿ 1962ರಲ್ಲಿ ವರದಿ ಪ್ರಕಟಿಸಿದರು. ಚರ್ಮಕ್ಕೆ ಏನು ಹಚ್ಚುತ್ತೇವೆ ಎಂಬುದಕ್ಕಿಂತ ಒತ್ತಡವನ್ನು ಎಷ್ಟು ಬೇಗ ಇಳಿಸುತ್ತೇವೆ ಎಂಬುದೇ ಮುಖ್ಯ ಎಂದು ಅದು ತೋರಿಸಿತು. ಯಾರಿಗೆ ಅಪಾಯ ಹೆಚ್ಚು ಎಂದು ಅಂಕ ಹಾಕಿ ಗುರುತಿಸುವ ನಾರ್ಟನ್ ಸ್ಕೇಲ್ ಬಂದದ್ದೂ ಅಲ್ಲಿಂದಲೇ.

ಥಿಯರಿ ಎಂದರೇನು ಎಂದು ನಾನು ಕಣ್ಣಿಗೆ ಕಾಣುವಂತೆ ತೋರಿಸಬಲ್ಲದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಎಂಬ ನರ್ಸ್ ಸಂಶೋಧಕಿಯರು ಹುಣ್ಣು ಯಾಕಾಗುತ್ತದೆ ಎಂಬುದಕ್ಕೆ ಒಂದು ನಕ್ಷೆ ಬರೆದು 1987ರಲ್ಲಿ ಪ್ರಕಟಿಸಿದರು. ನಕ್ಷೆಯಲ್ಲಿ ಎರಡೇ ದಾರಿ. ಒಂದು, ಒತ್ತಡ ಎಷ್ಟು ಜೋರಾಗಿ, ಎಷ್ಟು ಹೊತ್ತು ಬೀಳುತ್ತದೆ. ಇನ್ನೊಂದು, ಅದನ್ನು ತಾಳಿಕೊಳ್ಳುವ ಶಕ್ತಿ ಆ ಚರ್ಮಕ್ಕೂ ಮಾಂಸಕ್ಕೂ ಎಷ್ಟಿದೆ. ಅಜ್ಜಿಗೆ ತಾನೇ ಹೊರಳಲು ಆಗುವುದಿಲ್ಲ, ಎದ್ದು ಓಡಾಡುವುದಿಲ್ಲ, ಒತ್ತುತ್ತಿದೆ ಎಂಬ ಅರಿವೂ ಒಂದು ಪಕ್ಕದಲ್ಲಿ ಇಲ್ಲ. ಇವು ಮೊದಲ ದಾರಿಗೆ ಸೇರಿದವು. ಮೈ ಒದ್ದೆ, ಹೊಟ್ಟೆಗೆ ಸಾಲದ ಊಟ, ಹಾಸಿಗೆಯ ಮೇಲೆ ಎಳೆದಾಡುವುದರಿಂದಾಗುವ ಉಜ್ಜಾಟ, ಇವು ಎರಡನೆಯದಕ್ಕೆ. ಬ್ರೇಡನ್ ಸ್ಕೇಲಿನ ಆರು ಅಂಶಗಳು ಇವೇ. ನೀವು ಕೇಸ್ ಶೀಟಿನಲ್ಲಿ ತುಂಬುವ ಆ ಚೌಕಗಳು ಯಾರೋ ಆಡಳಿತದವರು ಕೂತು ಮಾಡಿದ ಪಟ್ಟಿಯಲ್ಲ. ಒಟ್ಟು ಅಂಕ 6ರಿಂದ 23. ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಎಚ್ಚರ ವಹಿಸುತ್ತೇವೆ.

ಎಳೆದಾಡುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ವಾರ್ಡ್‌ನಲ್ಲಿ ದಿನವೂ ಆಗುವ ತಪ್ಪು ಅದು. ತಲೆಕಡೆ ಎತ್ತರಿಸಿದಾಗ ಅಜ್ಜಿ ಕೆಳಕ್ಕೆ ಜಾರುತ್ತಾರೆ. ಮಗ ಬಂದು ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆಯುತ್ತಾನೆ. ಮೂಳೆ ಮೇಲೆ ಹೋಗುತ್ತದೆ, ಚರ್ಮ ಬೆಡ್‌ಶೀಟಿಗೆ ಅಂಟಿ ಅಲ್ಲೇ ನಿಲ್ಲುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಹಿಂಡಿಹೋಗುತ್ತವೆ. ಅವನದು ಪ್ರೀತಿಯೇ. ಇಬ್ಬರು ನಿಂತು ಡ್ರಾ ಶೀಟ್ ಹಿಡಿದು ಎತ್ತಿ ಸರಿಸುವುದನ್ನು ಅವನಿಗೆ ತೋರಿಸಿಕೊಡಿ, ಒಂದೇ ದಿನದಲ್ಲಿ ಕಲಿಯುತ್ತಾನೆ.

ನಕ್ಷೆ ಕೈಯಲ್ಲಿದ್ದರೆ ಹೊಸ ಪ್ರಶ್ನೆಯೂ ಹುಟ್ಟುತ್ತದೆ. ಒಳ್ಳೆಯ ಹಾಸಿಗೆ ಒತ್ತಡದ ಜೋರನ್ನು ತಗ್ಗಿಸುವುದಾದರೆ, ಹೊತ್ತನ್ನು ಸ್ವಲ್ಪ ಹೆಚ್ಚಿಸಬಹುದಲ್ಲವೇ? ಇದೇ ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ವೃದ್ಧರ ಆರೈಕೆ ಕೇಂದ್ರಗಳಲ್ಲಿ 942 ಮಂದಿಯನ್ನು 2, 3 ಮತ್ತು 4 ಗಂಟೆಗೊಮ್ಮೆ ಹೊರಳಿಸುವ ಗುಂಪುಗಳಾಗಿ ಮಾಡಿ ಮೂರು ವಾರ ನೋಡಿದರು. ಎಲ್ಲರಿಗೂ ಒತ್ತಾದ ಫೋಮ್ ಹಾಸಿಗೆ. 2013ರಲ್ಲಿ ಬಂದ ಫಲಿತಾಂಶದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ನಮ್ಮ ವಾರ್ಡ್‌ನಲ್ಲಿ ನಾಲ್ಕು ಗಂಟೆಗೆ ಇಳಿದುಬಿಡಬೇಡಿ. ಆ ಹಾಸಿಗೆ ನಿಮ್ಮ ಮಂಚದ ಮೇಲಿದೆಯೇ? ಕುಗ್ಗಿ ಕುಳಿಬಿದ್ದ ಹಾಸಿಗೆಯ ಮೇಲೆ ಮಲಗಿದವರಿಗೆ ಎರಡು ಗಂಟೆಯ ನಿಯಮವನ್ನು ಸಡಿಲಿಸಲು ನಾನಂತೂ ಒಪ್ಪುವುದಿಲ್ಲ. ಸಂಶೋಧನೆಯ ಉತ್ತರವನ್ನು ನಮ್ಮ ರೋಗಿಗೆ ಹೊಂದಿಸುವಾಗ ಮತ್ತೆ ಆ ನಕ್ಷೆಯನ್ನೇ ನೋಡಬೇಕಾಗುತ್ತದೆ.

ಇನ್ನು ದೊಡ್ಡ ಹೆಸರುಗಳು. ಡೊರೊಥಿಯಾ ಒರೆಮ್ ಕೇಳಿದ್ದು, ತನ್ನ ಆರೈಕೆಯಲ್ಲಿ ಎಷ್ಟನ್ನು ರೋಗಿ ತಾನೇ ಮಾಡಿಕೊಳ್ಳಬಲ್ಲ, ನರ್ಸ್ ತುಂಬಬೇಕಾದ ಕೊರತೆ ಎಷ್ಟು ಎಂದು. ಅಜ್ಜಿಯ ಬಲಗೈ ಇನ್ನೂ ಗಟ್ಟಿಯಾಗಿದ್ದರೆ ಮಂಚದ ಕಂಬಿ ಹಿಡಿದು ಅರ್ಧ ಹೊರಳಲು ಅವರಿಗೇ ಕಲಿಸಬಹುದು ಎಂಬ ಯೋಚನೆ ಬರುವುದು ಆ ಪ್ರಶ್ನೆಯಿಂದ. ಬ್ರೇಡನ್ ನಕ್ಷೆ ಹುಣ್ಣನ್ನು ನೋಡುತ್ತದೆ, ಒರೆಮ್ ಅಜ್ಜಿಯನ್ನು ನೋಡುತ್ತಾರೆ; ಎರಡೂ ಬೇಕು.

ನಾಳೆ ವಾರ್ಡ್‌ನಲ್ಲಿ ಮಗ್ಗುಲು ಬದಲಿಸಿದ ಮೇಲೆ "ಬ್ಯಾಕ್ ಕೇರ್ ಕೊಡಲಾಗಿದೆ" ಎಂದಷ್ಟೇ ಬರೆದು ಸಹಿ ಹಾಕಬೇಡಿ. ಮುಂದಿನ ಪಾಳಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಮುಂದೊಂದು ದಿನ ಎಣಿಸಲು ಕೂರುವವರಿಗೂ ಇಲ್ಲ. ಹೀಗೆ ಬರೆಯಿರಿ: ಬೆಳಿಗ್ಗೆ 8 ಗಂಟೆ, ಎಡಮಗ್ಗುಲು. ಹಿಮ್ಮಡಿ ಎರಡೂ ಸರಿ ಇವೆ. ಬಾಲದೆಲುಬಿನ ಮೇಲೆ ಕೆಂಪು, ಒತ್ತಿದರೆ ಬೆಳ್ಳಗಾಗುತ್ತದೆ. ಮತ್ತೆ 10ಕ್ಕೆ ನೋಡಬೇಕು.