ಬಾಯಿಮಾತಿನ ಮೇಲೆ ಲಾರಿ ಕೊಡಬೇಡಿ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಪೇಟೆ ಸೇರಲು ಲಾರಿ ಬೇಕು. ಸುಗ್ಗಿಯಲ್ಲಿ ಒಂದು ಸಂಸ್ಥೆಯ ಲಾರಿಯನ್ನು ಇನ್ನೊಂದು ಸಂಸ್ಥೆ ಗುತ್ತಿಗೆಗೆ ಪಡೆಯುವುದು ತಪ್ಪಲ್ಲ. ಅದನ್ನು ಬಾಯಿಮಾತಿಗೆ ಬಿಡುವುದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯಂತೆ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. ಗುತ್ತಿಗೆ ಕರಾರಿದ್ದರೆ, ಅದರಡಿ ವಾಹನವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರು ಮಾಲೀಕರೆನಿಸುತ್ತಾರೆ. ನವೀನ್ ಕುಮಾರ್ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ, ದಾಖಲೆ ಬದಲಾಗದ ಕಾರಣ ಅಪಘಾತದ ಪರಿಹಾರದ ಹೊಣೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ನೋಂದಾಯಿತ ಮಾಲೀಕರ ಮೇಲೆಯೇ ಹೊರಿಸಿತು. ಮಾರಿದವರಿಗೇ ಈ ಗತಿಯಾದರೆ, ಬರೀ ಮಾತಿನ ಮೇಲೆ ಕೊಟ್ಟವರ ಪಾಡೇನು?

‘ನಂಬಿಕಸ್ತರ ನಡುವೆ ಕಾಗದವೇಕೆ’ ಎನ್ನಬಹುದು. ಆದರೆ ಅಪಘಾತದಲ್ಲಿ ನೊಂದವರು ನಿಮ್ಮ ನಂಬಿಕೆಯ ಪಾಲುದಾರರಲ್ಲ. ‘ಎರಡೂ ಕಂಪನಿ ನಮ್ಮ ಮನೆಯವೇ’ ಎಂಬ ವಾದವೂ ನಿಲ್ಲದು. ಪ್ರತಿ ಕಂಪನಿಯೂ ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ. ಕರಾರು ಎಲ್ಲ ಹೊಣೆಯನ್ನೂ ಅಳಿಸದು, ನಿಜ. ಆದರೆ ಲಾರಿ ಯಾರ ಹಿಡಿತದಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಆದ್ದರಿಂದ ಅವಧಿ, ಬಾಡಿಗೆ, ಚಾಲಕರ ಸಂಬಳ, ತೆರಿಗೆ, ದಂಡ, ರಿಪೇರಿ ಯಾರ ಪಾಲೆಂದು ಬರೆಯಿರಿ. ಕಾಯ್ದೆಯ 51ನೇ ಕಲಮಿನಂತೆ ಇಬ್ಬರೂ ಸಹಿ ಮಾಡಿ, ಗುತ್ತಿಗೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಪರ್ಮಿಟ್ಟಿನ ಷರತ್ತು ಪರಿಶೀಲಿಸಿದ ಮೇಲಷ್ಟೇ ಕೀಲಿ ಕೊಡಿ.