ಸಂಬಳವೂ ಅದಿರಿನದು, ಉಳಿತಾಯವೂ ಅದಿರಿನದೇ ಆಗದಿರಲಿ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಹುಡುಗರೇ, ಹುಡುಗಿಯರೇ, ಈ ಮಾತು ನಿಮಗೆ. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆಯುತ್ತಿದ್ದಂತೆ ನಿಮ್ಮಲ್ಲಿ ಎಷ್ಟೋ ಜನ ಮೊಬೈಲ್ ಹಿಡಿದು ಎನ್‌ಎಂಡಿಸಿ ಎಷ್ಟಾಯಿತು, ಸಂಡೂರು ಮ್ಯಾಂಗನೀಸ್ ಎಷ್ಟಾಯಿತು ಎಂದು ನೋಡುತ್ತೀರಿ. ಚಹಾದಂಗಡಿಯಲ್ಲೂ ಅದೇ ಮಾತು, ಡ್ಯೂಟಿ ಬಸ್ಸಿನಲ್ಲೂ ಅದೇ ಮಾತು. ದುಡಿದ ದುಡ್ಡು ಬೆಳೆಯಬೇಕೆಂಬ ನಿಮ್ಮ ಆಸೆ ಒಳ್ಳೆಯದು. ಯಾವುದನ್ನು ಕೊಳ್ಳಿ, ಯಾವುದನ್ನು ಮಾರಿ ಎಂದು ನಾನು ಹೇಳುವುದಿಲ್ಲ. ಆದರೆ ಗಣಿ ಸೀಮೆಯಲ್ಲಿ ಹುಟ್ಟಿ ಬೆಳೆದವರು ಗಣಿ ಷೇರಿಗೆ ಕೈ ಹಾಕುವ ಮುನ್ನ ಒಂದು ಸಂಗತಿ ತಿಳಿದಿರಬೇಕು: ಒಂದೇ ಒಂದು ಷೇರು ಕೊಳ್ಳದಿದ್ದರೂ ನಿಮ್ಮ ಮನೆ ಆಗಲೇ ಅದಿರಿನ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡಿ. ಅಪ್ಪನ ಕೆಲಸ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ಅಣ್ಣನ ಟಿಪ್ಪರ್ ಓಡುವುದು ಮೈನ್ಸ್‌ಗೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರು ಗಣಿ ಕಂಪನಿಯ ನೌಕರರು. ಮಾವನ ಹೋಟೆಲು, ಚಿಕ್ಕಪ್ಪನ ಗ್ಯಾರೇಜು, ಊರಾಚೆಯ ಸೈಟಿನ ಬೆಲೆ, ಎಲ್ಲವೂ ಅದಿರು ಹೊರಟರೆ ಏರುತ್ತವೆ, ಅದಿರು ನಿಂತರೆ ಕೂರುತ್ತವೆ. ಇಂಥ ಮನೆಯ ಉಳಿತಾಯವನ್ನೂ ಅದಿರಿನ ಷೇರಿಗೇ ಹಾಕಿದರೆ, ಕೆಲಸ ಹೋಗುವ ದಿನವೇ ಕೂಡಿಟ್ಟದ್ದೂ ಕರಗುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾ ಕೇಳಿದಷ್ಟು ಬೆಲೆ ಕೊಟ್ಟು ಅದಿರು ಕೊಳ್ಳುತ್ತಿದ್ದಾಗ, ನಮ್ಮ ಸೀಮೆಯ ರೈತರು ಪಟ್ಟಾ ಜಮೀನನ್ನೇ ಅಗೆಯಲು ಬಿಟ್ಟುಕೊಟ್ಟರು. ಹೊಲ ಮಾಡಿಕೊಂಡಿದ್ದವರು ಸಾಲ ಮಾಡಿ ಲಾರಿ ಕೊಂಡರು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತು. ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಸ್ತೆ ಬದಿಯಲ್ಲಿ ಸಾಲುಸಾಲಾಗಿ ಲಾರಿಗಳು ನಿಂತವು. ಕಂತು ಕಟ್ಟಲಾಗದವರ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಕಾನೂನು ಮೀರದೆ ದುಡಿದವರೂ, ಮೀರಿ ದುಡಿದವರೂ ಒಂದೇ ದಿನ ಬೀದಿಗೆ ಬಂದರು. ಆಗ ತಡೆದುಕೊಂಡವರು ಯಾರು ಗೊತ್ತೇ? ಗಣಿಗೆ ಸಂಬಂಧವೇ ಇಲ್ಲದ ಇನ್ನೊಂದು ಆದಾಯ, ಸ್ವಲ್ಪ ನಗದು, ಸಾಲವಿಲ್ಲದ ಮನೆ ಇದ್ದವರು.

ಎರಡನೆಯ ಮಾತು. ದೂರದ ಬೆಟ್ಟ ನುಣ್ಣಗೆ ಅಂತಾರೆ; ನಮಗೆ ಬೆಟ್ಟ ಹತ್ತಿರವೇ ಇದೆ, ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಮುಂಬೈಯವರಿಗಿಂತ ನಮಗೇ ಹೆಚ್ಚು ಗೊತ್ತು ಎಂದು ನೀವು ನಂಬಿದ್ದೀರಿ. ಆದರೆ ಲಾರಿ ಎಣಿಸಿ ಷೇರಿನ ಬೆಲೆ ಹೇಳಲಾಗದು. ಒಂದು ಗಣಿಯಿಂದ ವರ್ಷಕ್ಕೆ ಎಷ್ಟು ಟನ್ ತೆಗೆಯಬಹುದೆಂಬುದು ಅನುಮತಿಯಲ್ಲಿ ಬರೆದಿರುತ್ತದೆ. ಇಡೀ ಜಿಲ್ಲೆಗೂ ಸುಪ್ರೀಂ ಕೋರ್ಟ್ ಮಿತಿ ಹಾಕಿತ್ತು: ಮೊದಲು 2.5 ಕೋಟಿ ಟನ್, 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ. ಈ ತಿಂಗಳು ಲಾರಿ ಜಾಸ್ತಿ ಓಡಿದರೆ ವರ್ಷದ ಪಾಲು ಬೇಗ ಮುಗಿಯುತ್ತದೆ, ಅಷ್ಟೇ. ದೇವಗಿರಿಯ ಸಂಡೂರು ಮ್ಯಾಂಗನೀಸ್ ಕಂಪನಿ 1954ರಿಂದ ಇದೆ. ಈಚಿನ ವರ್ಷಗಳಲ್ಲಿ ಅದರ ಗತಿ ಬದಲಿಸಿದ್ದು ಅಂಥದೊಂದು ಕಾಗದ: ವರ್ಷಕ್ಕೆ 16 ಲಕ್ಷ ಟನ್ ಅದಿರು ತೆಗೆಯಲು ಇದ್ದ ಅನುಮತಿ 38 ಲಕ್ಷ ಟನ್ ದಾಟಿತು. ಆಮೇಲೆ 2024ರಲ್ಲಿ ಅದು ಸುಮಾರು 3,000 ಕೋಟಿ ರೂಪಾಯಿ ಮೌಲ್ಯ ಕಟ್ಟಿ, ತಾಡಪತ್ರಿಯಲ್ಲಿ ಕಾರ್ಖಾನೆಯಿರುವ ಅರ್ಜಾಸ್ ಸ್ಟೀಲನ್ನು ಕೊಂಡಿತು. ಈಗ ಅದರ ಷೇರು ಕೊಳ್ಳುವವರು ಬೆಟ್ಟದ ಜತೆಗೆ ಆಂಧ್ರದ ಉಕ್ಕಿನ ವ್ಯಾಪಾರವನ್ನೂ ಕೊಳ್ಳುತ್ತಾರೆ. ಇವು ಯಾವುವೂ ರಸ್ತೆಯಲ್ಲಿ ನಿಂತರೆ ಕಾಣುವುದಿಲ್ಲ. ಕಂಪನಿಯ ವಾರ್ಷಿಕ ವರದಿ ಓದಿದರೆ ಕಾಣುತ್ತವೆ.

ಬೆಲೆಯ ವಿಷಯಕ್ಕೆ ಬನ್ನಿ. ಕಂಪ್ಲಿಯಲ್ಲಿ ಭತ್ತ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆದವನ ಕೈಯಲ್ಲಿ ದರ ಇರುವುದಿಲ್ಲ, ಒಂದು ವರ್ಷದ ಒಳ್ಳೆಯ ದರ ನಂಬಿ ಸಾಲ ಮಾಡಿದವನು ಮುಂದಿನ ಸುಗ್ಗಿಯಲ್ಲಿ ಕೊರಗುತ್ತಾನೆ. ಅದಿರೂ ಹಾಗೆಯೇ. ಜಗತ್ತಿನ ಮಾರುಕಟ್ಟೆಯಲ್ಲಿ 2011ರ ಆರಂಭದಲ್ಲಿ ಟನ್ನಿಗೆ 190 ಡಾಲರ್ ಹತ್ತಿರವಿದ್ದ ದರ 2015ರ ಡಿಸೆಂಬರ್ ಹೊತ್ತಿಗೆ 40 ಡಾಲರ್‌ಗಿಂತ ಕೆಳಗಿಳಿಯಿತು. 2021ರ ಮೇನಲ್ಲಿ 230 ಡಾಲರ್ ದಾಟಿ, ಅದೇ ನವೆಂಬರಿನಲ್ಲಿ 90ರ ಆಸುಪಾಸಿಗೆ ಬಂತು. ಚೀನಾದ ಕುಲುಮೆಗಳು ಉರಿದರೆ ಏರುತ್ತದೆ, ಅಲ್ಲಿ ಮನೆ ಕಟ್ಟುವುದು ನಿಂತರೆ ಇಳಿಯುತ್ತದೆ. ನಮ್ಮ ಅದಿರು ಹಡಗು ಹತ್ತದಿದ್ದರೂ ಎನ್‌ಎಂಡಿಸಿ ಕಾಲಕಾಲಕ್ಕೆ ಪ್ರಕಟಿಸುವ ಲಂಪ್ಸ್ (ಗಟ್ಟಿ ಅದಿರು), ಫೈನ್ಸ್ (ಪುಡಿ ಅದಿರು) ದರಗಳ ಮೇಲೆ ಆ ಏರಿಳಿತದ ನೆರಳು ಬೀಳುತ್ತದೆ. ಒಂದು ಸೂಕ್ಷ್ಮ ಮರೆಯಬೇಡಿ: ಅದಿರಿನ ದರ ಏರಿದರೆ ಮಾರುವ ಕಂಪನಿಗೆ ಲಾಭ, ಕೊಂಡು ಕರಗಿಸುವ ಉಕ್ಕಿನ ಕಂಪನಿಗೆ ಖರ್ಚು. ಆದರೆ ಉಕ್ಕಿಗೇ ಬೇಡಿಕೆ ಬಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಎನ್‌ಎಂಡಿಸಿ, ಜೆಎಸ್‌ಡಬ್ಲ್ಯು, ಸಂಡೂರು ಮ್ಯಾಂಗನೀಸ್, ಕಿರ್ಲೋಸ್ಕರ್ ಫೆರಸ್ ಎಂದು ನಾಲ್ಕು ಹೆಸರು ಬರೆದುಕೊಂಡು ದುಡ್ಡು ಹಂಚಿ ಹಾಕಿದ್ದೇನೆ ಎನ್ನಬೇಡಿ. ಹಾಕಿದ್ದೆಲ್ಲ ಒಂದೇ ಧಂದೆಗೆ.

ಇನ್ನು ಸರ್ಕಾರದ ಕೈ. 2022ರ ಮೇ 20ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರಿನ ರಫ್ತಿಗೆ ಒಪ್ಪಿಗೆ ಕೊಟ್ಟಿತು. ಗಣಿ ಸೀಮೆಯಲ್ಲಿ ಸಂಭ್ರಮ. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ಉಕ್ಕಿಗೂ ಸುಂಕ ಹಾಕಿತು. ಸೋಮವಾರ ಮಾರುಕಟ್ಟೆ ತೆರೆದಾಗ ಎನ್‌ಎಂಡಿಸಿ, ಜೆಎಸ್‌ಡಬ್ಲ್ಯು ಷೇರುಗಳು ಒಂದೇ ದಿನ ಶೇ 10ಕ್ಕೂ ಹೆಚ್ಚು ಬಿದ್ದವು. ಆ ನವೆಂಬರಿನಲ್ಲಿ ಸುಂಕ ಇಳಿಯಿತು. ಸ್ವಂತ ದುಡ್ಡು ಹಾಕಿದ್ದವರಿಗೆ ಆರು ತಿಂಗಳು ಕಾಯಲು ಸಾಧ್ಯವಾಯಿತು. ಸಾಲದ ದುಡ್ಡಾದರೆ ಬಡ್ಡಿ ಕಾಯುವುದಿಲ್ಲ.

ಗುತ್ತಿಗೆಯ ಕಥೆಯೂ ಇದೆ. ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿಯ ಗುತ್ತಿಗೆ 2018ರ ನವೆಂಬರ್ 3ಕ್ಕೆ ಮುಗಿಯಿತು. ನವೀಕರಣಕ್ಕೆ ರಾಜ್ಯ ಸರ್ಕಾರ ಶೇ 80ರ ಪ್ರೀಮಿಯಂ ಕೇಳಿತು, ಎನ್‌ಎಂಡಿಸಿ ಒಪ್ಪಲಿಲ್ಲ. ಕೇಂದ್ರ ಸರ್ಕಾರದ್ದೇ ಕಂಪನಿಯಾದರೂ ಎರಡು ವರ್ಷಕ್ಕೂ ಹೆಚ್ಚು ಗಣಿ ನಿಂತಿತು. 2021ರ ಫೆಬ್ರುವರಿಯಲ್ಲಿ ಶೇ 22.5ರ ಪ್ರೀಮಿಯಂಗೆ ಮತ್ತೆ ಶುರುವಾಯಿತು. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತ ಗಣಿ ಮತ್ತೆ ತೆರೆಯಲೇ ಇಲ್ಲ. ಆ ಗಣಿ ನಡೆಸುತ್ತಿದ್ದ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟ ಸಿಕ್ಕರೂ, ಸುಮಾರು 99 ಸಾವಿರ ಮರಗಳು ಬೀಳುತ್ತವೆ ಎಂದು ಜನ ಎದ್ದು ನಿಂತರು, 2024ರಲ್ಲಿ ರಾಜ್ಯದ ಅರಣ್ಯ ಸಚಿವರು ತಡೆದರು. 2015ರ ಕಾನೂನಿನ ನಂತರ ಗುತ್ತಿಗೆ ಮುಗಿದ ಖಾಸಗಿ ಗಣಿ ಹರಾಜಿಗೆ ಹೋಗುತ್ತದೆ. ಒಡಿಶಾದ 2020ರ ಹರಾಜಿನಲ್ಲಿ ಕೆಲವರು ಮಾರಾಟ ಬೆಲೆಯ ನೂರಕ್ಕೆ ನೂರಕ್ಕಿಂತ ಹೆಚ್ಚನ್ನು ಸರ್ಕಾರಕ್ಕೆ ಕೊಡುವುದಾಗಿ ಕೂಗಿದರು. ಹಳೆಯ ಗುತ್ತಿಗೆಯ ಲಾಭ ಹೊಸ ಗುತ್ತಿಗೆಯಲ್ಲಿ ಇರುತ್ತದೆಂದು ಎಣಿಸಲಾಗದು. ಖನಿಜದ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು, 2005ರ ಏಪ್ರಿಲ್‌ನಿಂದಲೇ ವಸೂಲಿ ಮಾಡಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ನೆನಪಿಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ವರ್ಷದ ಮನೆಖರ್ಚನ್ನು ಬ್ಯಾಂಕಿನಲ್ಲಿಡಿ. ಬೇರೆ ಊರಿನವರಿಗೆ ಆರು ತಿಂಗಳದ್ದು ಸಾಕಾದೀತು, ಗಣಿ ಊರಿಗೆ ಸಾಲದು. ಮನೆಯ ಅನ್ನ ಗಣಿಯಿಂದ, ಕಾರ್ಖಾನೆಯಿಂದ ಬರುವುದಾದರೆ, ಅದಿರು ಮತ್ತು ಉಕ್ಕು ಎರಡೂ ಸೇರಿ ನಿಮ್ಮ ಉಳಿತಾಯದ ಹತ್ತನೇ ಒಂದು ಪಾಲು ಮೀರದಿರಲಿ. ಹಂಪಿಯಲ್ಲಿ ಪ್ರವಾಸಿಗರಿಂದ ಬದುಕುವವರಿಗೆ, ಕಂಪ್ಲಿಯ ಬಾಳೆ, ಭತ್ತದ ಮನೆಗಳಿಗೆ ಇನ್ನು ಸ್ವಲ್ಪ ಹೆಚ್ಚು ಇದ್ದರೂ ತಡೆದೀತು, ಅವರ ಅನ್ನದ ದಾರಿ ಬೇರೆ. ಅಮ್ಮನ ಬಂಗಾರ ಅಡವಿಟ್ಟು, ಬ್ರೋಕರ್ ಕೊಡುವ ಮಾರ್ಜಿನ್ ಸಾಲ ನಂಬಿ ಷೇರು ಕೊಳ್ಳಬೇಡಿ. ಫ್ಯೂಚರ್ಸ್, ಆಪ್ಷನ್ಸ್ ಕಡೆ ತಲೆ ಹಾಕಲೇಬೇಡಿ: ಮೂರು ವರ್ಷಗಳ ಲೆಕ್ಕ ತೆಗೆದು, ಅದರಲ್ಲಿ ಶೇ 93ರಷ್ಟು ಸಾಮಾನ್ಯ ಹೂಡಿಕೆದಾರರು ನಷ್ಟ ಅನುಭವಿಸಿದರು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರಲ್ಲಿ ಹೇಳಿದೆ. ಬೋನಸ್ ಷೇರು ಎಂದೊಡನೆ ಹಿಗ್ಗಬೇಡಿ. ಒಂದಕ್ಕೆ ಐದು ಬೋನಸ್ ಬಂದರೆ 600 ರೂಪಾಯಿಯ ಒಂದು ಷೇರು 100 ರೂಪಾಯಿಯ ಆರು ಷೇರಾಗುತ್ತದೆ, ಆಸ್ತಿ ಅಷ್ಟೇ ಇರುತ್ತದೆ. ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಗುಂಪಿನಲ್ಲಿ ಗುರಿ ಬೆಲೆ ಹೇಳುವವರನ್ನು ಎರಡೇ ಪ್ರಶ್ನೆ ಕೇಳಿ: ಗುತ್ತಿಗೆ ಯಾವಾಗ ಮುಗಿಯುತ್ತದೆ, ವರ್ಷಕ್ಕೆ ಎಷ್ಟು ಟನ್ ಅನುಮತಿ? ಗೊತ್ತಿಲ್ಲದವರ ಮಾತಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ವಾರ್ಷಿಕ ವರದಿಯಲ್ಲಿ ಇವೆರಡರ ಜತೆಗೆ ಕಂಪನಿಯ ಸಾಲ, ಪ್ರವರ್ತಕರು ಅಡವಿಟ್ಟ ಷೇರು, ಕೋರ್ಟಿನಲ್ಲಿರುವ ತಕರಾರುಗಳ ಮೊತ್ತವನ್ನೂ ಹುಡುಕಿ.

ಇದೆಲ್ಲ ತಿಳಿದೂ ಕೊಳ್ಳುವಿರಾದರೆ, ಸಂತೋಷ, ಕೊಳ್ಳಿ. ಆದರೆ ಕೊಂಡ ದಿನದಿಂದ ನೀವು ಆ ಬೆಟ್ಟದ ಪಾಲುದಾರರು. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ. ನಿಮ್ಮ ಖಾತೆಗೆ ಬರುವ ಡಿವಿಡೆಂಡು ಬೆಟ್ಟವೇ ಕರಗಿ ಬಂದ ಹಣ. ಅದನ್ನು ಹಬ್ಬದ ಖರ್ಚಿಗೆ ಕಳೆಯದೆ ತಂಗಿಯ ಓದಿಗೆ, ಗಣಿ ಮುಗಿದ ಮೇಲೂ ಅನ್ನ ಕೊಡುವ ಕಸುಬಿಗೆ ಹಾಕಿ. ಕಂಪನಿಗಳ ವಾರ್ಷಿಕ ಸಭೆಗೆ ಈಗ ಮನೆಯಿಂದಲೇ ವಿಡಿಯೊದಲ್ಲಿ ಸೇರಬಹುದು. ಸೇರಿ, ಹೆಸರು ನೋಂದಾಯಿಸಿ, ಕೇಳಿ: ಗಡಿ ಒತ್ತುವರಿ ಇಲ್ಲ ತಾನೇ? ಅಗೆದ ಜಾಗದಲ್ಲಿ ಎಷ್ಟು ಎಕರೆಗೆ ಮತ್ತೆ ಗಿಡ ಹಾಕಿದಿರಿ? ಕೆಂಧೂಳು ತಗ್ಗಿಸಲು ಏನು ಮಾಡಿದಿರಿ? ನಿಮ್ಮ ಹಿರಿಯರಾದ ನಾವು ದುಡ್ಡು ಬರುತ್ತಿದ್ದಾಗ ಈ ಪ್ರಶ್ನೆ ಕೇಳುವವರ ಜತೆ ಸಾಕಷ್ಟು ಸಂಖ್ಯೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಕೋರ್ಟ್ ಕೇಳಿತು, ಊರೇ ನಿಂತಿತು. ನೀವು ಪಾಲುದಾರರಾಗಿ ಮೊದಲೇ ಕೇಳಿ. ಹಾಗೆ ಕೇಳಿಸಿಕೊಂಡು ಉತ್ತರ ಕೊಡುವ ಕಂಪನಿಯಲ್ಲಿ ಮಾತ್ರ ನಿಮ್ಮ ದುಡ್ಡಿರಲಿ.