ನಾನೂರರ ಬೋರ್ಡಿಗೆ ಹತ್ತು ಸಾವಿರದ ಸಾಫ್ಟ್‌ವೇರೇ?

ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡು ನನಗೆ ಸಿಕ್ಕಿದ್ದು ನಾನೂರು ಚಿಲ್ಲರೆಗೆ. ಸುಟ್ಟುಹೋದರೂ ನಾಲ್ವರು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದಷ್ಟು ನಷ್ಟ. ಈ ಹವ್ಯಾಸದಲ್ಲಿ ಜೇಬಿಗೆ ಕತ್ತರಿ ಬೀಳುವುದು ಬೋರ್ಡಿನಿಂದಲ್ಲ, ಅದಕ್ಕೆ ಪ್ರೋಗ್ರಾಂ ಬರೆಯುವ, ಬೋರ್ಡಿಲ್ಲದೆಯೇ ಓಡಿಸಿ ನೋಡುವ ಸಾಫ್ಟ್‌ವೇರಿನಿಂದ.

ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಮೋಟಾರು ತಾನಾಗಿ ಆನ್-ಆಫ್ ಆಗಬೇಕೆಂಬುದು ನಮ್ಮ ಮನೆಯ ಆಸೆ. ಇಲ್ಲೇ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗಳಿಗೆ ಲ್ಯಾಬಿನಲ್ಲಿ 8051 ಮತ್ತು ಅದಕ್ಕೆ ಪ್ರೋಗ್ರಾಂ ಬರೆಯುವ ಕೀಲ್ ಸಾಫ್ಟ್‌ವೇರ್ ರೂಢಿಯಾಗಿತ್ತು. 8051 ಇಂಟೆಲ್ ಕಂಪನಿ 1980ರಲ್ಲಿ ತಂದ ಚಿಪ್ಪು. ಅದಕ್ಕಿರುವ ಕೀಲ್‌ನ ಉಚಿತ ಪರೀಕ್ಷಾ ಆವೃತ್ತಿ 2 ಕೆಬಿ ಮೀರಿದ ಕೋಡನ್ನು ಒಪ್ಪುವುದಿಲ್ಲ. ಲ್ಯಾಬಿನ ಪ್ರಯೋಗಕ್ಕೆ ಅಷ್ಟು ಸಾಕು, ಸ್ವಂತ ಕೆಲಸಕ್ಕೆ ಸಾಲದು. ಪೂರ್ತಿ ಲೈಸೆನ್ಸಿನ ಬೆಲೆ ಕಂಪನಿಗಳಿಗೆ ಒಗ್ಗುವಂಥದ್ದು. ಇಂಥ ಹೊತ್ತಿಗೆ ಯಾರಾದರೊಬ್ಬರು ಪೆನ್‌ಡ್ರೈವಿನಲ್ಲಿ ‘ಕ್ರ್ಯಾಕ್’ ತಂದುಕೊಡುತ್ತಾರೆ. ಅದನ್ನು ಹಾಕಿಕೊಳ್ಳಲು ಮೊದಲು ಆಂಟಿವೈರಸ್ ಆಫ್ ಮಾಡಬೇಕು. ನಾನು ನೆಟ್‌ಬ್ಯಾಂಕಿಂಗ್ ಮಾಡುವುದೂ ಅದೇ ಲ್ಯಾಪ್‌ಟಾಪಿನಲ್ಲಿ. ನೀತಿಯ ಮಾತು ಹಾಗಿರಲಿ, ಲೆಕ್ಕಕ್ಕೇ ಅದು ಬೇಡವಾಯಿತು. 8051ಕ್ಕೇ ಬರೆಯಬೇಕೆಂದರೂ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ ಕಾಸಿಲ್ಲದೆ ಸಿಗುತ್ತದೆ.

ನಾವು ಆರಿಸಿಕೊಂಡದ್ದು ಆರ್ಡುಯಿನೊ ಐಡಿಇ ಮತ್ತು ಬ್ರೌಸರಿನಲ್ಲೇ ಓಡುವ ವೋಕ್ವಿ ಸಿಮ್ಯುಲೇಟರ್. ಆಟೋಡೆಸ್ಕ್‌ನ ಟಿಂಕರ್‌ಕ್ಯಾಡ್ ಮಕ್ಕಳಿಗೆ ಸಲೀಸು, ಉಚಿತವೂ ಹೌದು, ಆದರೆ ಅದರಲ್ಲಿ ಇಎಸ್‌ಪಿ32 ಇಲ್ಲ. ಇಂಟರ್ನೆಟ್ ನೆಚ್ಚಿಕೊಳ್ಳಲಾಗದ ಮನೆಗೆ ಸಿಮುಲ್‌ಐಡಿಇ ಇದೆ.

“ಅಪ್ಪ, ಬೋರ್ಡು ಬರೋ ತನಕ ಸುಮ್ನೆ ಕೂರಬೇಕಾ?” ಎಂದವಳು ವೋಕ್ವಿಯಲ್ಲಿ ಎರಡು ಅಲ್ಟ್ರಾಸಾನಿಕ್ ಸೆನ್ಸರ್, ಒಂದು ರಿಲೇ ಇಟ್ಟು ಕೋಡು ಓಡಿಸಿದಳು. ಆಮೇಲೆ ಸಂಪಿನ ಸೆನ್ಸರಿನ ವೈರನ್ನು ಬೇಕೆಂದೇ ಅಳಿಸಿದಳು. ಪ್ರತಿಧ್ವನಿ ಬಾರದಿದ್ದರೆ ಆರ್ಡುಯಿನೊದ ಪಲ್ಸ್‌ಇನ್ ಫಂಕ್ಷನ್ ಸೊನ್ನೆ ಹಿಂದಿರುಗಿಸುತ್ತದೆ. ದೂರ ಸೊನ್ನೆ ಎಂದರೆ ಸಂಪು ತುಂಬಿದೆ ಎಂದು ಕೋಡು ತಿಳಿದುಕೊಂಡು ಮೋಟಾರು ಆನ್ ಮಾಡಿಯೇಬಿಟ್ಟಿತು. ನಿಜವಾದ ಸಂಪಿನಲ್ಲಿ, ನೀರು ಬಾರದ ದಿನ ಹೀಗಾಗಿದ್ದರೆ ಮೋಟಾರು ನೀರಿಲ್ಲದೆ ಓಡಿ ರಿವೈಂಡಿಂಗ್ ಅಂಗಡಿ ಸೇರುತ್ತಿತ್ತು. ಸೊನ್ನೆ ಬಂದರೆ ಮೋಟಾರು ನಿಲ್ಲಲಿ ಎಂಬ ಒಂದು ಸಾಲು ಸೇರಿಸಿದೆವು.

ಪರದೆ ಎಲ್ಲವನ್ನೂ ಹೇಳುವುದಿಲ್ಲ. ಆ ಸೆನ್ಸರ್ 5 ವೋಲ್ಟಿನದು, ಇಎಸ್‌ಪಿ32 ಪಿನ್ನು 3.3 ವೋಲ್ಟಿನದು. ಎರಡನ್ನೂ ನೇರವಾಗಿ ಜೋಡಿಸಿದರೂ ವೋಕ್ವಿ ತಕರಾರು ಮಾಡಲಿಲ್ಲ. ನಿಜವಾದ ಬೋರ್ಡಿಗೆ ಮಾತ್ರ ನಡುವೆ ಎರಡು ರೆಸಿಸ್ಟರ್ ಬೇಕು. ಮೋಟಾರು ಆನ್-ಆಫ್ ಆದಾಗ ಎದ್ದ ವಿದ್ಯುತ್ ಗದ್ದಲಕ್ಕೆ ಬೋರ್ಡು ಬೆಚ್ಚಿ ರೀಸೆಟ್ ಆಗುವುದೂ ಅಲ್ಲಿ ಕಾಣದು. ಹಾಗಾಗಿ ಸಾಫ್ಟ್‌ವೇರಿನಲ್ಲಿ ಉಳಿದ ಹಣದಲ್ಲಿ ಒಳ್ಳೆಯ ಮಲ್ಟಿಮೀಟರ್ ತಂದೆ.

ಇನ್ನು ದುಡ್ಡು ಕೊಟ್ಟು ಬಳಸುವ ಸಾಫ್ಟ್‌ವೇರಿನ ಡಾಲರ್ ಚಂದಾದ ವಿಚಾರಕ್ಕೆ ಬರೋಣ. ತಿಂಗಳಿಗೆ 10 ಡಾಲರ್ ಎಂದರೆ ಕಾಫಿ ಖರ್ಚಿನಂತೆ ಕೇಳಿಸುತ್ತದೆ. ಡಾಲರಿಗೆ ₹85 ಹಿಡಿದರೆ ₹850. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ 3.5% ಎಂದುಕೊಳ್ಳಿ, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಒಟ್ಟು ₹885, ವರ್ಷಕ್ಕೆ ₹10,600 ದಾಟುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ₹15,000ದ ಒಳಗಿನ ಇಂಥ ಆಟೋ-ಡೆಬಿಟ್‌ಗೆ ಪ್ರತಿ ಸಲ ಒಟಿಪಿ ಬೇಕಿಲ್ಲ. ಬ್ಯಾಂಕು 24 ಗಂಟೆ ಮೊದಲು ಕಳಿಸುವ ಮೆಸೇಜನ್ನು ನಾವು ಓದಿದರೆ ಉಂಟು.

ಒಂದು ಸಾಫ್ಟ್‌ವೇರನ್ನು ಬಿಟ್ಟುಬಂದರೆ ಕೈಯಲ್ಲಿ ಏನುಳಿಯುತ್ತದೆ ಎಂಬುದನ್ನೂ ನೋಡುತ್ತೇನೆ. ಆರ್ಡುಯಿನೊ, ವೋಕ್ವಿ ಎರಡರಲ್ಲೂ ಬರೆದದ್ದು ಸಾದಾ ಪಠ್ಯದ ಫೈಲು, ಎಲ್ಲಿ ಬೇಕಾದರೂ ತೆರೆಯುತ್ತದೆ. ನಮ್ಮ ದೇಶದ ಸಿಡ್ಯಾಕ್ ಸಂಸ್ಥೆ ರೂಪಿಸಿದ ವೇಗ ಪ್ರೊಸೆಸರಿನ ಏರೀಸ್ ಬೋರ್ಡಿಗೂ ಆರ್ಡುಯಿನೊ ಐಡಿಇಯಲ್ಲೇ ಬರೆಯಬಹುದು. ನಾಳೆ ಬೋರ್ಡು ಬದಲಾದರೂ ಕಲಿತದ್ದು ಹಾಳಾಗುವುದಿಲ್ಲ.

ಮಾರುವ ಸರಕು ತಯಾರಿಸುವವರ ಲೆಕ್ಕವೇ ಬೇರೆ. ಗಡುವು ತಪ್ಪಿದರೆ ಆರ್ಡರೇ ಹೋಗುವಾಗ ದುಡ್ಡು ಕೊಟ್ಟ ಕಂಪೈಲರ್, ಅದರ ಜೊತೆಗೆ ಬರುವ ಸಹಾಯವಾಣಿ ಅಗ್ಗವೇ. ಜಿಎಸ್‌ಟಿ ನೋಂದಣಿ ಇದ್ದವರು ಅದರ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಸಂಪಿನ ಮೋಟಾರು ಓಡಿಸುವ ನಮ್ಮಂಥವರಿಗೆ ಆ ಸೌಲಭ್ಯವೂ ಇಲ್ಲ.